ಗಾಳದವರ ಕೈಗೊಂದು ನೋಟ್‌ಬುಕ್

ಭಾನುವಾರ ಬೆಳಿಗ್ಗೆ ಉದ್ಯಾವರದ ಸಂಕದ ಹತ್ತಿರವೋ, ಕಲ್ಯಾಣಪುರದ ಹೊಳೆಬದಿಗೋ, ಕಾಪು ದೀಪಸ್ತಂಭದ ಬಂಡೆಗಳ ಕಡೆಗೋ ಹೋಗಿ ನೋಡಿ. ಕೋಲು ಹಿಡಿದು ನೀರನ್ನೇ ನೋಡುತ್ತಾ ನಿಂತವರು ನಾಲ್ಕು ಜನ ಕಾಣುತ್ತಾರೆ. ಮೀನು ಹಿಡಿಯುವುದು ಇವರ ಕಸುಬಲ್ಲ. ಒಬ್ಬರು ಬ್ಯಾಂಕಿನವರು, ಒಬ್ಬರು ರಿಕ್ಷಾದವರು, ಮತ್ತೊಬ್ಬರು ಪೆನ್ಶನ್ ಆದ ಮಾಸ್ಟ್ರು. ಸಿಕ್ಕಿದರೆ ಮನೆಗೆ ಸಾರಾಯಿತು, ಸಿಗದಿದ್ದರೂ ಬೇಜಾರಿಲ್ಲ. ಖುಷಿಗೆ ಗಾಳ ಹಾಕುವವರು.

ನಮಗೆ ಕೃಷಿಕರಿಗೆ ಇವರನ್ನು ಕಂಡರೆ ಅಷ್ಟಕ್ಕಷ್ಟೆ. ಗದ್ದೆ ಹುಣಿ ತುಳಿದು ಹಾಳು ಮಾಡ್ತಾರೆ, ನೈಲಾನ್ ನೂಲು ಬಿಸಾಡಿ ಹೋಗ್ತಾರೆ, ಅದು ದನದ ಕಾಲಿಗೆ ಸುತ್ತಿಕೊಳ್ಳುತ್ತದೆ. ಬಾಟಲಿ ಒಡೆದು ಹಾಕುವವರೂ ಇದ್ದಾರೆ. ನಾನೂ ಎಷ್ಟೋ ಸಲ ಬೈದು ಓಡಿಸಿದವನೇ. ಈಗ ಅದೇ ಜನರಿಗೆ ನಾನೇ ಪೇಟೆಯಿಂದ ನೋಟ್‌ಬುಕ್ ತಂದು ಕೊಡುತ್ತಿದ್ದೇನೆ. ಅದು ಹೇಗಾಯಿತು, ಅದರಿಂದ ಎಂತ ಪ್ರಯೋಜನ ಎಂಬುದನ್ನು ಓದುಗರ ಮುಂದೆ ಇಡುತ್ತೇನೆ. ತೋಡಿನ ಬದಿ ಬಾವಿ ಇರುವವರು ಸ್ವಲ್ಪ ಗಮನ ಕೊಟ್ಟು ಓದಿ.

ಬಾವಿ ನಾರುವ ಮೊದಲೇ ಗೊತ್ತಿತ್ತು

ನಮ್ಮ ಬನ್ನಂಜೆ ಸುತ್ತಿನ ನೀರೆಲ್ಲ ಹೋಗಿ ಸೇರುವುದು ಇಂದ್ರಾಣಿಗೆ. ಇಂದ್ರಾಳಿ ಕಡೆಯಿಂದ ಹುಟ್ಟಿ ಬಂದು, ಕಲ್ಸಂಕ ದಾಟಿ, ಕೊಡವೂರು, ಕಲ್ಮಾಡಿ ಕಡೆಗೆ ಇಳಿದು ಮಲ್ಪೆ ಹತ್ತಿರ ಸಮುದ್ರ ಸೇರುವ ನೀರು ಅದು. ಹಿಂದೆ ಜನ ಸ್ನಾನ ಮಾಡುತ್ತಿದ್ದ, ಗದ್ದೆಗೆ ಕಟ್ಟ ಕಟ್ಟಿ ತಿರುಗಿಸುತ್ತಿದ್ದ ನೀರು. ಈಗ ಊರು ಬೆಳೆದು ಕೊಳಚೆಯೂ ಅದಕ್ಕೇ ಸೇರುತ್ತದೆ. ಕೆಳಗಿನ ಊರುಗಳ ಬಾವಿ ಹಾಳಾದ ವಿಷಯ ಪೇಪರಿನಲ್ಲಿ ಎಷ್ಟು ಸಲ ಬಂತೋ ಲೆಕ್ಕವಿಲ್ಲ. 2020ರ ಸೆಪ್ಟೆಂಬರ್ 20ರ ನೆರೆಯಲ್ಲಿ ಇದೇ ನೀರು ಬನ್ನಂಜೆ, ಕಲ್ಸಂಕದ ಮನೆಗಳ ಒಳಗೆ ಬಂದದ್ದನ್ನು ನಾವು ಯಾರೂ ಮರೆತಿಲ್ಲ.

ಇಂದ್ರಾಣಿಗೆ ಸೇರುವ ಒಂದು ಸಣ್ಣ ತೋಡು ನನ್ನ ಜಾಗದ ಕೆಳಗಿನಿಂದ ಹೋಗುತ್ತದೆ. ನನ್ನದು ಬೆಟ್ಟು ಗದ್ದೆ. ಮಳೆ ನಂಬಿ ಏಣೆಲು ಒಂದು ಬೆಳೆ, ಆಮೇಲೆ ಪಸೆ ಇದ್ದಷ್ಟು ದಿನ ಉದ್ದು, ಹುರುಳಿ. ಬೇಸಿಗೆಯಲ್ಲಿ ಮನೆಗೂ ಹಟ್ಟಿಗೂ ಹಿಂದಿನ ನಲ್ವತ್ತು ಅಡಿಕೆ ಮರಕ್ಕೂ ಒಂದೇ ಬಾವಿ. ಅದು ತೋಡಿನಿಂದ ಇಪ್ಪತ್ತು ಹೆಜ್ಜೆ.

ಎರಡು ವರ್ಷ ಹಿಂದೆ ಸುಗ್ಗಿ ತಿಂಗಳಲ್ಲಿ ತೋಡಿನ ಗುಂಡಿಯ ಹತ್ತಿರ ಗಾಳ ಹಾಕುತ್ತಿದ್ದ ಒಬ್ಬರು ನನ್ನನ್ನು ಕರೆದು ಹೇಳಿದರು: "ಅಣ್ಣಾ, ನಿಮ್ಮ ಗುಂಡಿಯಲ್ಲಿ ಎಂತದೋ ಆಗಿದೆ. ಮೂರು ವಾರದಿಂದ ಮುಗುಡು ಬಿಟ್ರೆ ಬೇರೆ ಮೀನು ಕಚ್ಚುದೇ ಇಲ್ಲ. ಗಾಳ ಎಳೆದರೆ ಕಪ್ಪು ಕೆಸರು ಬರ್ತದೆ, ಕೊಳೆತ ಮೊಟ್ಟೆ ವಾಸನೆ."

ನಾನು, "ನಿಮಗೆ ಮೀನು ಸಿಗದಿದ್ರೆ ನಾನೆಂತ ಮಾಡ್ಲಿ ಮಾರಾಯ್ರೆ" ಎಂದು ಹೇಳಿ ಬಂದೆ. ಹತ್ತು ಹನ್ನೆರಡು ದಿವಸ ಕಳೆದು ಬಾವಿಯ ನೀರು ವಾಸನೆ ಬಂತು. ಮೊದಲು ಹೆಂಡತಿಗೆ ಗೊತ್ತಾಯಿತು, ಅನ್ನ ಬಸಿಯುವಾಗ. ಆಮೇಲೆ ಮೊಮ್ಮಗುವಿಗೆ ಭೇದಿ. ಪೇಟೆಗೆ ಕೊಂಡುಹೋಗಿ ನೀರು ಪರೀಕ್ಷೆ ಮಾಡಿಸಿದರೆ ಮಲದ ಬ್ಯಾಕ್ಟೀರಿಯಾ ಇದೆ, ಕುಡಿಯಲಿಕ್ಕೆ ಆಗದು ಎಂದು ಚೀಟಿ ಬಂತು. ಆ ಬೇಸಿಗೆ ಪೂರ್ತಿ ಕುಡಿಯುವ ನೀರನ್ನು ಕೊಡದಲ್ಲಿ ಹೊತ್ತೆವು.

ಅವರು ಹೇಳಿದ ದಿನವೇ ನಾನು ತೋಡಿನ ಮೇಲ್ಬದಿಗೆ ನಡೆದು ನೋಡಿದ್ದರೆ, ಕಾಲು ಮೈಲಿ ಮೇಲೆ ಒಡೆದ ಕೊಳಚೆ ಗುಂಡಿ ಕಣ್ಣಿಗೆ ಬೀಳುತ್ತಿತ್ತು.

ತೋಡಿನ ನೀರು ಬಾವಿಗೆ ಬರುವುದು ಯಾವಾಗ

ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ನಮ್ಮ ಕಡೆಯ ನೆಲ ಮುರಕಲ್ಲು. ತೂತು ತೂತು. ಮಳೆಗಾಲದಲ್ಲಿ ಬಾವಿಯ ನೀರಿನ ಮಟ್ಟ ತೋಡಿಗಿಂತ ಮೇಲೆ ಇರುತ್ತದೆ, ಹಾಗಾಗಿ ನೀರು ನೆಲದೊಳಗಿಂದ ತೋಡಿನ ಕಡೆಗೆ ಹೋಗುತ್ತದೆ. ಬೇಸಿಗೆಯಲ್ಲಿ ಪಂಪು ಹಾಕಿ ಬಾವಿಯನ್ನು ತಳ ಕಾಣಿಸಿದಾಗ ಲೆಕ್ಕ ತಿರುಗುಮುರುಗು. ಬಾವಿ ಕೆಳಗಾಯಿತು, ತೋಡು ಮೇಲಾಯಿತು. ಆಗ ತೋಡಿನಲ್ಲಿ ಎಂತ ಇದೆಯೋ ಅದು ಬಾವಿಗೆ ಒಸರುತ್ತದೆ. ದಪ್ಪ ಮಣ್ಣಿನ ಪದರ ಇದ್ದರೆ ಸ್ವಲ್ಪ ಸೋಸಿ ಬರುತ್ತದೆ. ಮುರಕಲ್ಲಿನ ಸಂದಿನಲ್ಲಾದರೆ ಸೋಸುವುದೇ ಕಡಿಮೆ.

ಎಂದರೆ ನಮಗೆ ಅಪಾಯದ ಕಾಲ ಸುಗ್ಗಿಯಿಂದ ಬೇಶದವರೆಗೆ. ಅದೇ ಕಾಲದಲ್ಲಿ ತೋಡಿನಲ್ಲಿ ಹರಿವು ಕಡಿಮೆ, ಕೊಳಚೆ ತೆಳುವಾಗುವುದಿಲ್ಲ, ನೀರು ಗುಂಡಿಯಲ್ಲಿ ನಿಲ್ಲುತ್ತದೆ. ಕೃಷಿಕ ಆ ಹೊತ್ತಿಗೆ ತೋಡಿನ ಕಡೆ ತಲೆ ಹಾಕುವುದೇ ಇಲ್ಲ, ಗದ್ದೆ ಕೊಯ್ಲು ಆಗಿರುತ್ತದೆ. ಗುಂಡಿಯ ಹತ್ತಿರ ಕೂತಿರುವವನು ಗಾಳದವನು ಮಾತ್ರ.

ಮೀನು ಹೇಳುವ ಮಾತು

ಏಳನೇ ಕ್ಲಾಸು ಓದಿದ ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ನೀರಿನೊಳಗೆ ಕರಗಿದ ಆಮ್ಲಜನಕ ಇರುತ್ತದೆ. ಮೀನು ಉಸಿರಾಡುವುದು ಅದನ್ನು. ನಮ್ಮ ಕಡೆಯ 30 ಡಿಗ್ರಿ ಬಿಸಿಯ ನೀರಿನಲ್ಲಿ ಹೆಚ್ಚೆಂದರೆ ಲೀಟರಿಗೆ ಏಳೂವರೆ ಮಿಲಿಗ್ರಾಂ. 5ಕ್ಕಿಂತ ಕೆಳಗೆ ಬಂದರೆ ಮೀನಿಗೆ ಕಷ್ಟ, 2ಕ್ಕಿಂತ ಕೆಳಗೆ ಬಂದರೆ ಹೆಚ್ಚಿನವು ಸಾಯುತ್ತವೆ. ಪೇಟೆಯ ಕೊಳಚೆ ಕೊಳೆಯಬೇಕಾದರೆ ಅದಕ್ಕೂ ಆಮ್ಲಜನಕ ಬೇಕು. ಲೀಟರು ಕೊಳಚೆಗೆ 200ರಿಂದ 300 ಮಿಲಿಗ್ರಾಂ. ಅಂದರೆ ಒಂದು ಕೊಡ ಕೊಳಚೆ ಮೂವತ್ತು ನಲ್ವತ್ತು ಕೊಡ ಒಳ್ಳೆ ನೀರಿನ ಉಸಿರನ್ನು ತಿಂದು ಹಾಕುತ್ತದೆ. ಇದು ಗೊತ್ತಾದ ಮೇಲೆ "ಸ್ವಲ್ಪವೇ ಅಲ್ವಾ ಬಿಟ್ಟದ್ದು" ಎನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ಹಗಲಿನಲ್ಲಿ ಪಾಚಿ ಬಿಸಿಲಿಗೆ ಆಮ್ಲಜನಕ ಕೊಡುತ್ತದೆ. ರಾತ್ರಿ ಪಾಚಿಯೂ ತಾನೇ ಉಸಿರಾಡಿ ಅದನ್ನು ಖರ್ಚು ಮಾಡುತ್ತದೆ. ಹಾಗಾಗಿ ನೀರಿನ ಉಸಿರು ಅತಿ ಕಡಿಮೆ ಇರುವುದು ಬೆಳಗ್ಗಿನ ಜಾವ, ಸೂರ್ಯ ಹುಟ್ಟುವ ಮುಂಚೆ. ಮೀನು ಮೇಲೆ ಬಂದು ಬಾಯಿ ಪಕಪಕ ಮಾಡುವುದು ಕಾಣಿಸುವುದು ಆಗ. ಹತ್ತು ಗಂಟೆಗೆ ನೋಡಲು ಬರುವ ಸಾಹೇಬರಿಗೆ ಅದು ಕಾಣುವುದಿಲ್ಲ. ಬೆಳಗ್ಗಿನ ಐದೂವರೆಗೆ ಗಾಳ ಹಾಕಿ ಕೂತವನಿಗೆ ಕಾಣುತ್ತದೆ.

ಇಲ್ಲಿ ಒಂದು ಮೋಸ ಇದೆ, ನಾನೂ ಮೋಸ ಹೋಗಿದ್ದೆ. "ತೋಡಿನಲ್ಲಿ ಮೀನು ಉಂಟಲ್ಲ, ಮತ್ತೆ ನೀರು ಹಾಳು ಹೇಗೆ?" ಎಂದು ಕೇಳುವವರು ಇದ್ದಾರೆ. ಯಾವ ಮೀನು ಎಂದು ಕೇಳಬೇಕು. ಮುಗುಡು, ಮಡೆಂಜಿ ಇಂಥವು ನೀರಿನ ಮೇಲೆ ಬಂದು ನೇರ ಗಾಳಿ ಕುಡಿಯಬಲ್ಲವು. ಬೇರೆ ಮೀನು ಸಾಯುವ ನೀರಿನಲ್ಲೂ ಅವು ಬದುಕುತ್ತವೆ. ತಿಲಾಪಿಯಾ ಕೂಡ ಬಹಳ ತಡೆದುಕೊಳ್ಳುತ್ತದೆ. ಮೊದಲು ಹೋಗುವುದು ಸಣ್ಣ ಬೆಳ್ಳಿ ಬಣ್ಣದ ಮೀನುಗಳು, ಸೀಗಡಿ. ಹಾಗಾಗಿ ಗುಂಡಿಯಲ್ಲಿ ಬರೇ ಮುಗುಡು ಉಳಿದಿದ್ದರೆ ಅದು ಒಳ್ಳೆ ಸುದ್ದಿಯಲ್ಲ, ಕೆಟ್ಟ ಸುದ್ದಿ. ನನ್ನ ಗುಂಡಿಯ ಬಗ್ಗೆ ಆ ಮನುಷ್ಯ ಹೇಳಿದ್ದು ಸರಿಯಾಗಿ ಇದನ್ನೇ.

ಗಾಳಿಬೋರೆಯ ಪುಸ್ತಕ

ಗಾಳದವರು ಬರೆದಿಟ್ಟ ಲೆಕ್ಕ ಎಷ್ಟು ದೊಡ್ಡ ಕೆಲಸಕ್ಕೆ ಬಂತು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಕಾವೇರಿಯಲ್ಲಿ ಸಂಗಮದ ಹತ್ತಿರ ಗಾಳಿಬೋರೆ ಎಂಬಲ್ಲಿ ಮಹಶೀರ್ ಮೀನಿಗೆ ಗಾಳ ಹಾಕುವ ಶಿಬಿರ ಇತ್ತು. ಹಿಡಿದ ಮೀನನ್ನು ತೂಗಿ, ಬರೆದು, ಜೀವ ಸಹಿತ ನೀರಿಗೇ ಬಿಡಬೇಕು. ತಿನ್ನುವಂತಿಲ್ಲ. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಆ ಊರಿನ ಜನರಿಗೇ ಶಿಬಿರದಲ್ಲಿ ಕೆಲಸ ಸಿಕ್ಕಿತು, ಅವರೇ ಹೊಳೆಯ ಕಾವಲು ಆದರು. ಅಭಯಾರಣ್ಯದೊಳಗೆ ಗಾಳ ಹಾಕುವಂತಿಲ್ಲ ಎಂಬ ಕಾನೂನಿನಿಂದಾಗಿ ಅದು ಆಮೇಲೆ ನಿಂತುಹೋಯಿತು.

ಆದರೆ ಪುಸ್ತಕ ಉಳಿಯಿತು. 1998ರಿಂದ 2012ರವರೆಗಿನ ದಾಖಲೆ, ಆರು ಸಾವಿರಕ್ಕೂ ಹೆಚ್ಚು ಮೀನಿನ ಲೆಕ್ಕ. ವಿಜ್ಞಾನಿಗಳು ಅದನ್ನು ಕೂತು ಓದಿ 2015ರಲ್ಲಿ ಪ್ರಕಟಿಸಿದರು. ಗಾಳಕ್ಕೆ ಸಿಗುವ ಮೀನಿನ ಸಂಖ್ಯೆ ವರ್ಷ ವರ್ಷ ಹೆಚ್ಚಾಗಿತ್ತು. ನೋಡಿದವರು ಖುಷಿಪಡಬೇಕಾದ ವಿಷಯ. ಆದರೆ ಜಾತಿ ನೋಡಿದರೆ, ಹೆಚ್ಚಾದದ್ದು ಹೊರಗಿನಿಂದ ಮರಿ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್. ಕಾವೇರಿಯ ಸ್ವಂತದ, ಬೆನ್ನು ಗೂನಾದ ದೊಡ್ಡ ಮಹಶೀರ್ ಕಾಣೆಯಾಗುತ್ತಾ ಬಂದಿತ್ತು. ಆ ಗೂನು ಬೆನ್ನಿನ ಮೀನಿಗೆ 2018ರಲ್ಲಿ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾಯಿತು, ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ತೂಕ ಜಾತಿ ಬರೆಯದೆ ಬರೇ "ಮೀನು ಜಾಸ್ತಿ ಉಂಟು" ಎಂದು ಹೇಳಿಕೊಂಡಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ.

ಇಂಗ್ಲೆಂಡಿನ ಕತೆ ಇನ್ನೊಂದು ಬಗೆಯದು. ಅಲ್ಲಿ 1948ರಲ್ಲಿ ಜಾನ್ ಈಸ್ಟ್‌ವುಡ್ ಎಂಬ ವಕೀಲರು ಗಾಳದವರದ್ದೇ ಒಂದು ಸಹಕಾರ ಸಂಘ ಕಟ್ಟಿದರು. ಹೊಳೆ ಕೆಡಿಸುವವರ ಮೇಲೆ ಕೇಸು ಹಾಕುವುದೇ ಅದರ ಕೆಲಸ. ಡರ್ಬಿ ಪಟ್ಟಣದ ಗಾಳದವರ ಸಂಘ ಕೋರ್ಟಿಗೆ ಹೋದಾಗ ಎದುರಿಗೆ ಇದ್ದವರು ಯಾರೆಂದರೆ ಒಂದು ಕೃತಕ ರೇಷ್ಮೆ ಕಾರ್ಖಾನೆ, ವಿದ್ಯುತ್ ಇಲಾಖೆ, ಮತ್ತು ಪಟ್ಟಣದ ನಗರಸಭೆಯೇ. ಒಬ್ಬರು ಕೊಳಕು ನೀರು, ಒಬ್ಬರು ಬಿಸಿ ನೀರು, ಒಬ್ಬರು ಸರಿಯಾಗಿ ಶುದ್ಧ ಮಾಡದ ಕೊಳಚೆ ಬಿಡುತ್ತಿದ್ದರು. 1952ರಲ್ಲಿ ತೀರ್ಪು ಗಾಳದವರ ಪರ ಆಯಿತು. ಊರು ಬೆಳೆಯಿತು, ಎಂತ ಮಾಡುವುದು ಎಂಬ ನಗರಸಭೆಯ ಮಾತನ್ನು ಕೋರ್ಟು ಕೇಳಲಿಲ್ಲ. ಸರಿಪಡಿಸಲಿಕ್ಕೆ ಸಮಯ ಕೊಟ್ಟಿತು, ಆದರೆ ನಿಲ್ಲಿಸಲೇಬೇಕು ಎಂದಿತು.

ಅಲ್ಲಿಯ ಗಾಳದವರಿಗೆ ಕೋರ್ಟಿನಲ್ಲಿ ನಿಲ್ಲಲಿಕ್ಕೆ ಆದದ್ದು ಯಾಕೆಂದರೆ, ಹೊಳೆಯ ಆ ಭಾಗದಲ್ಲಿ ಮೀನು ಹಿಡಿಯುವ ಹಕ್ಕನ್ನು ಅವರು ದುಡ್ಡು ಕೊಟ್ಟು ಪಡೆದಿದ್ದರು. ನಮ್ಮ ತೋಡಿನ ಬದಿ ಕೂರುವವರಿಗೆ ಅಂಥ ಹಕ್ಕು ಇಲ್ಲ. "ನನಗೆ ಮೀನು ಸಿಗಲಿಲ್ಲ" ಎಂದು ಅರ್ಜಿ ಹಾಕಿದರೆ ಆಫೀಸಿನಲ್ಲಿ ನಗುತ್ತಾರೆ. "ನನ್ನ ಕುಡಿಯುವ ಬಾವಿ ಕೆಟ್ಟಿದೆ, ಸರ್ವೆ ನಂಬರು ಇಂತಿಷ್ಟು" ಎಂದು ಕೃಷಿಕ ಬರೆದರೆ ನಗುವಂತಿಲ್ಲ. ಆದರೆ ಕೃಷಿಕನ ಹತ್ತಿರ ಯಾವಾಗಿನಿಂದ, ಯಾವ ದಿನ, ಎಷ್ಟು ಗಂಟೆಗೆ ಎಂಬ ಲೆಕ್ಕ ಇಲ್ಲ. ನೋಡುವ ಕಣ್ಣು ಅವರ ಹತ್ತಿರ, ಕೇಳುವ ಹಕ್ಕು ನಮ್ಮ ಹತ್ತಿರ. ಎರಡೂ ಒಂದೇ ಕಾಗದದ ಮೇಲೆ ಬಂದರೆ ಮಾತ್ರ ಕೆಲಸ.

ನಾವು ಮಾಡಿದ್ದು

ನಾನು ಆ ಮನುಷ್ಯರನ್ನು ಹುಡುಕಿಕೊಂಡು ಹೋದೆ. ಮೊದಲು ಬೈದವನೇ ಈಗ ಬಂದನಲ್ಲ ಎಂದು ಅವರಿಗೆ ಆಶ್ಚರ್ಯ. ಅವರು ಇನ್ನೂ ಮೂವರನ್ನು ಕರೆತಂದರು. ಒಂದು ಒಪ್ಪಂದ ಆಯಿತು. ನನ್ನ ಜಾಗದಲ್ಲಿ ಬಂದು ಕೂರಲಿ, ಹುಣಿಯ ಮೇಲೆ ಬೇಡ, ತೆಂಗಿನ ಬುಡದ ದಾರಿಯಿಂದ ಬರಲಿ. ನೂಲು, ಬಾಟಲಿ ವಾಪಸು ಕೊಂಡುಹೋಗಲಿ. ಬಂದಾಗಲೆಲ್ಲ ಹಟ್ಟಿಯ ಮಾಡಿನಲ್ಲಿ ಸಿಕ್ಕಿಸಿಟ್ಟ ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಬರೆಯಲಿ.

ಬರೆಯುವುದು ಇಷ್ಟೆ. ತಾರೀಕು, ಗಂಟೆ, ಹಿಂದಿನ ರಾತ್ರಿ ಮಳೆ ಬಂತೋ ಇಲ್ಲವೋ. ಕಲ್ಮಾಡಿ, ಉದ್ಯಾವರದಂಥ ಉಪ್ಪು ನೀರಿನ ಕಡೆಯಾದರೆ ಭರತವೋ ಇಳಿತವೋ ಎಂಬುದೂ ಬೇಕು, ಯಾಕೆಂದರೆ ಭರತದಲ್ಲಿ ಸಮುದ್ರದ ನೀರು ಬಂದು ಎಲ್ಲವನ್ನೂ ಮುಚ್ಚುತ್ತದೆ. ಆಮೇಲೆ ನೀರಿನ ಬಣ್ಣ, ವಾಸನೆ, ನೊರೆ. ಎಷ್ಟು ಹೊತ್ತು ಕೂತದ್ದು, ಯಾವ ಮೀನು ಎಷ್ಟು. ಎಷ್ಟು ಹೊತ್ತು ಎಂಬುದನ್ನು ಬಿಡಬಾರದು. ಒಂದು ಗಂಟೆಯಲ್ಲಿ ಮೂರು ಮೀನು ಸಿಗುವುದಕ್ಕೂ ಐದು ಗಂಟೆಯಲ್ಲಿ ಮೂರು ಸಿಗುವುದಕ್ಕೂ ಬಹಳ ವ್ಯತ್ಯಾಸ. ಏನೂ ಸಿಗದ ದಿನವನ್ನೂ ಬರೆಯಬೇಕು, ಅದನ್ನು ಬರೆಸುವುದೇ ಕಷ್ಟದ ಕೆಲಸ. ಗಾಳದವರಿಗೆ ಸೊನ್ನೆ ಬರೆಯಲಿಕ್ಕೆ ನಾಚಿಕೆ!

ನೀರಿನ ತಿಳಿ ನೋಡಲಿಕ್ಕೆ ಒಂದು ಹಳೆಯ ಬಿಳಿ ಪ್ಲೇಟಿಗೆ ಕಲ್ಲು ಕಟ್ಟಿ ಹಗ್ಗದಲ್ಲಿ ಇಳಿಸುತ್ತೇವೆ. ಪ್ಲೇಟು ಕಣ್ಣಿಗೆ ಮರೆಯಾದಾಗ ಹಗ್ಗ ಎಷ್ಟು ಗೇಣು ಎಂದು ಬರೆಯುವುದು. ಹಗ್ಗಕ್ಕೆ ಗೇಣಿಗೊಂದು ಗಂಟು ಹಾಕಿದ್ದೇವೆ.

ತಿಂಗಳಿಗೆ ಒಮ್ಮೆ ಕಲ್ಲು ಮಗುಚಿ ಹುಳ ನೋಡುವುದು. ಇದು ಇಂಗ್ಲೆಂಡಿನ ಗಾಳದವರು 2007ರಿಂದ ಮಾಡುತ್ತಿರುವ ಕ್ರಮ. ಅವರು ಮೂರು ನಿಮಿಷ ಹೊಳೆಯ ತಳವನ್ನು ಕಾಲಿನಲ್ಲಿ ಕೆದಕಿ, ಬಲೆಯಲ್ಲಿ ಬಂದ ಎಂಟು ಬಗೆಯ ಹುಳಗಳನ್ನು ಎಣಿಸುತ್ತಾರೆ. ಎಣಿಕೆ ಗೊತ್ತುಮಾಡಿದ ಮಟ್ಟಕ್ಕಿಂತ ಕೆಳಗೆ ಬಂದರೆ ಸರಕಾರದ ಪರಿಸರ ಇಲಾಖೆಗೆ ಫೋನು. ನಾವು ಅಷ್ಟು ಮಾಡುವುದಿಲ್ಲ. ಕಲ್ಲಿನ ಅಡಿಯಲ್ಲಿ ಬಾಲಕ್ಕೆ ಮೂರು ಕೂದಲಿನಂಥ ಎಳೆ ಇರುವ ಚಪ್ಪಟೆ ಹುಳ, ಮರಳಿನ ಕಣ ಅಂಟಿಸಿ ಗೂಡು ಮಾಡಿಕೊಂಡ ಹುಳ ಇದ್ದರೆ ನೀರಿಗೆ ಉಸಿರು ಉಂಟು. ಅವೆಲ್ಲ ಹೋಗಿ ಕೆಸರಿನಲ್ಲಿ ಕೆಂಪು ನೂಲಿನಂಥ ಹುಳಗಳು ಗೊಂಚಲಾಗಿ ಆಡುತ್ತಿದ್ದರೆ ಕೊಳಚೆ ಬಂದಿದೆ ಎಂದು ಅರ್ಥ. ಮೀನು ಓಡಿಹೋಗಿ ವಾಪಸು ಬರಬಹುದು, ಹುಳ ಓಡುವುದಿಲ್ಲ. ಒಂದು ರಾತ್ರಿ ವಿಷ ಹರಿದುಹೋಗಿದ್ದರೂ ಅದು ವಾರದ ನಂತರ ಸಾಕ್ಷಿ ಹೇಳುತ್ತದೆ.

ಮೀನು ಸತ್ತು ತೇಲಿದರೆ ಮಾತ್ರ ಕಾಯಬಾರದು. ಹೊಸ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಗಾಳಿ ಉಳಿಯದ ಹಾಗೆ ತುಂಬಿಸಿ, ಮುಚ್ಚಿ ಐಸಿನಲ್ಲಿ ಇಡಬೇಕು. ಸತ್ತ ಜಾಗದಲ್ಲಿ ಒಂದು ಬಾಟಲಿ, ಅದರ ಮೇಲ್ಬದಿಯಲ್ಲಿ ಮೀನು ಬದುಕಿರುವ ಕಡೆ ಒಂದು. ಎರಡೂ ಇದ್ದರೆ ಎಲ್ಲಿಂದ ಸೇರಿದ್ದು ಎಂದು ತಿಳಿಯುತ್ತದೆ. ಆಗಷ್ಟೇ ಸತ್ತ ಎರಡು ಮೂರು ಮೀನನ್ನೂ ಐಸಿನಲ್ಲಿ ಇಡಿ, ಉಬ್ಬಿ ನಾರುವುದು ಪ್ರಯೋಜನವಿಲ್ಲ. ಫೋಟೋ ತೆಗೆಯುವಾಗ ಪಕ್ಕದಲ್ಲಿ ಗುರುತಿನ ಮರವೋ ಸಂಕವೋ ಕಾಣಲಿ. ಅದೇ ದಿವಸ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೂ ಪಂಚಾಯತಿಗೋ ನಗರಸಭೆಗೋ ತಿಳಿಸಿ, ಬರಹದಲ್ಲಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ನಾವೇ ತುಂಬಿಸಿದ ಬಾಟಲಿ ನಮ್ಮ ತಿಳಿವಳಿಕೆಗೆ ಮಾತ್ರ. ಕಾನೂನಿನ ಕ್ರಮ ಆಗಬೇಕಾದರೆ ಮಂಡಳಿಯವರೇ ಬಂದು ಮಾದರಿ ತೆಗೆಯಬೇಕು. ಹಾಗಾಗಿ ಅವರನ್ನು ಬೇಗ ಕರೆಸುವುದೇ ಮುಖ್ಯ.

1974ರ ಜಲ ಕಾಯ್ದೆಯ 24ನೇ ಕಲಮಿನ ಪ್ರಕಾರ ತೋಡಿಗಾಗಲಿ ಬಾವಿಗಾಗಲಿ ವಿಷ, ಕೊಳಕು ಬಿಡುವಂತಿಲ್ಲ. ಅರ್ಜಿಯಲ್ಲಿ ಈ ಕಲಮನ್ನು ಬರೆಯಿರಿ. ಅರ್ಜಿ ಎಲ್ಲಿಗೆ ಮುಟ್ಟಿತು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಎಲ್ಲಿಯೂ ಆಗದಿದ್ದರೆ 2010ರ ಕಾನೂನಿನಂತೆ ಆದ ಹಸಿರು ನ್ಯಾಯಮಂಡಳಿ ಇದೆ, ನಮಗೆ ಚೆನ್ನೈ ಪೀಠ.

ನೋಟ್‌ಬುಕ್ಕಿನಲ್ಲಿ ನನ್ನದೇ ಹೆಸರು

ಮೊದಲ ಮಳೆಗಾಲದ ನಡುವೆ, ಆಟಿಯ ಒಂದು ಬಿಸಿಲಿನ ದಿನ, ನೋಟ್‌ಬುಕ್ಕು ತೆಗೆದು ನೋಡಿದರೆ ಹೀಗೆ ಬರೆದಿತ್ತು: "ಬೆಳಿಗ್ಗೆ 8. ನೀರು ನೀಲಿ. ಸೀಗಡಿ ಸತ್ತು ಬದಿಯಲ್ಲಿ. ಮೇಲೆ ಯಾರೋ ಡ್ರಮ್ ತೊಳೆದದ್ದು."

ಯಾರೋ ಅಲ್ಲ, ನಾನೇ. ಹಿಂದಿನ ದಿನ ಸಂಜೆ ಅಡಿಕೆಗೆ ಬೋರ್ಡೋ ಬಿಟ್ಟು, ಉಳಿದ ದ್ರಾವಣ ಚೆಲ್ಲಿ, ಡ್ರಮ್ಮು ಪಂಪು ಎಲ್ಲ ತೋಡಿನಲ್ಲೇ ತೊಳೆದಿದ್ದೆ. ಅಪ್ಪನ ಕಾಲದಿಂದ ಹಾಗೆಯೇ. ಬರೆದವರಿಗೆ ಗೊತ್ತಿತ್ತೋ ಇಲ್ಲವೋ, ನನ್ನ ಮುಖ ನೋಡಿ ಏನೂ ಹೇಳಲಿಲ್ಲ. ನಾನೇ ಪೆನ್ನು ತೆಗೆದು ಪಕ್ಕದಲ್ಲಿ ಹೆಸರು ಬರೆದೆ.

ಮೈಲುತುತ್ತು ಮೀನಿಗೆ, ಸೀಗಡಿಗೆ, ಬಸವನಹುಳಕ್ಕೆ ದೊಡ್ಡ ವಿಷ. ಒಂದು ಕಿಲೋ ಮೈಲುತುತ್ತಿಗೆ ಒಂದು ಕಿಲೋ ಸುಣ್ಣ, ನೂರು ಲೀಟರು ನೀರು ಎಂದು ನಾವು ಲೆಕ್ಕ ಹಾಕಿ ಮಾಡುತ್ತೇವೆ, ಉಳಿದದ್ದಕ್ಕೆ ಲೆಕ್ಕ ಇಲ್ಲ. ಈಗ ನಾನು ಡ್ರಮ್ಮು ತೊಳೆದ ನೀರನ್ನು ತೋಡಿನಿಂದ ದೂರ, ಅಡಿಕೆ ಬುಡದ ಹತ್ತಿರ ಚೆಲ್ಲುತ್ತೇನೆ, ಒಂದೇ ಬುಡಕ್ಕಲ್ಲ, ಹರಡಿ. ಕೀಟನಾಶಕದ ಪಂಪನ್ನಂತೂ ತೋಡಿಗೆ ಇಳಿಸುವುದೇ ಇಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ನಿಲ್ಲಿಸಿದ ಎಂಡೋಸಲ್ಫಾನ್ ಮೀನಿಗೆ ಎಷ್ಟು ವಿಷ ಎಂಬುದು ಕಾಸರಗೋಡಿನ ಕಡೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಇನ್ನೊಂದು ಕೆಟ್ಟ ಅಭ್ಯಾಸ ಗುಂಡಿಗೆ ಬ್ಲೀಚಿಂಗ್ ಪುಡಿಯೋ ಕೀಟನಾಶಕವೋ ಹಾಕಿ ಮೀನು ಹಿಡಿಯುವುದು. ವಿಷ, ಸಿಡಿಮದ್ದು ಹಾಕಿ ಮೀನು ಕೊಲ್ಲುವುದು 1897ರ ಕಾಯ್ದೆಯಿಂದಲೇ ಅಪರಾಧ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ 1996ರಲ್ಲಿ ಕಪಿಲಾ ನದಿಗೆ ಯಾರೋ ವಿಷ ಹಾಕಿ ಸಾವಿರಾರು ದೇವರ ಮೀನು ಸತ್ತವು, ಅಲ್ಲಿ ಈಗ ಮೀನುಗಳ ಸ್ಮಾರಕ ಇದೆ. ದೇವಸ್ಥಾನದ ಎದುರೇ ಹಾಗಾದರೆ ಕಾವಲಿಲ್ಲದ ನಮ್ಮ ಗುಂಡಿಗಳ ಗತಿ ಏನು? ಗಾಳದವರು ಕೂರುವ ಗುಂಡಿಗೆ ವಿಷ ಹಾಕಲಿಕ್ಕೆ ಯಾರೂ ಸುಲಭಕ್ಕೆ ಬರುವುದಿಲ್ಲ, ಇದು ನಾನು ಕಂಡ ವಿಷಯ.

ಗಾಳದವರೂ ಬಿಡಬೇಕಾದ್ದಿದೆ

ಮೊದಲ ಮಳೆಗೆ ಉಬರ್ ಹತ್ತುವಾಗ ಮೀನಿನ ಹೊಟ್ಟೆ ತುಂಬ ಮೊಟ್ಟೆ. ಆ ಎರಡು ಮೂರು ವಾರ ಹಿಡಿಯಬೇಡಿ ಎಂದು ನಾನು ಕೇಳಿಕೊಂಡೆ. ಇಬ್ಬರು ಒಪ್ಪಿದರು. ಉಬರ್ ಹಿಡಿಯುವುದು ಚಿಕ್ಕಂದಿನಿಂದ ಬಂದ ಖುಷಿ, ನಾನೂ ಬ್ಯಾಟರಿ ಹಿಡಿದು ಗದ್ದೆಗೆ ಇಳಿದವನೇ, ಹಾಗಾಗಿ ಒಪ್ಪದವರ ಹತ್ತಿರ ಜಗಳ ಮಾಡಲಿಲ್ಲ. ಹೊರಗಿನ ಮೀನಿನ ಮರಿ, ಮುಖ್ಯವಾಗಿ ಆಫ್ರಿಕನ್ ಮುಗುಡು, ತೋಡಿಗೆ ಬಿಡುವುದು ಮಾತ್ರ ಬೇಡವೇ ಬೇಡ. ಅದು ಬೇರೆ ಎಲ್ಲವನ್ನೂ ತಿಂದು ಮುಗಿಸುತ್ತದೆ. ಮತ್ತೆ ಕೊಳಚೆ ಬರುವ ಗುಂಡಿಯ ಮೀನನ್ನು ತಿನ್ನಬೇಡಿ, ಮಾರಬೇಡಿ. ಹಿಡಿದು ಬರೆದು ಬಿಡಿ. ಇದನ್ನು ಒಪ್ಪಿಸಲು ಬಾವಿಯ ಪರೀಕ್ಷೆಯ ಚೀಟಿ ತೋರಿಸಬೇಕಾಯಿತು.

ಫಲ ಎಷ್ಟು ಎಂದು ಕೇಳಿದರೆ, ಉಳ್ಳದ್ದನ್ನು ಹೇಳುತ್ತೇನೆ. ಮೊದಲ ವರ್ಷ ನಾನೊಬ್ಬನೇ ಕೊಟ್ಟ ಎರಡು ಅರ್ಜಿಗೆ ಉತ್ತರವೇ ಬರಲಿಲ್ಲ. ಎರಡನೇ ವರ್ಷ ಹದಿನೇಳು ಭಾನುವಾರದ ಗೆರೆಗಳನ್ನು ಜೆರಾಕ್ಸ್ ಮಾಡಿ, ಪ್ರತಿ ಗೆರೆಯ ಎದುರು ಬರೆದವರ ಸಹಿ ಹಾಕಿಸಿ, ಬಾವಿಯ ಚೀಟಿ ಜೋಡಿಸಿ ಕೊಟ್ಟೆವು. ಸೋಮವಾರ ನೀರು ಸರಿ ಇರುತ್ತದೆ, ಶನಿವಾರ ರಾತ್ರಿಯಿಂದ ಭಾನುವಾರ ಮಧ್ಯಾಹ್ನದವರೆಗೆ ಕಪ್ಪು ಬರುತ್ತದೆ ಎಂಬುದು ಆ ಪಟ್ಟಿಯಿಂದ ಎದ್ದು ಕಾಣುತ್ತಿತ್ತು. ಬಂದು ನೋಡಿದರು. ಒಡೆದ ಗುಂಡಿಯನ್ನು ಎರಡು ತಿಂಗಳ ನಂತರ ಮುಚ್ಚಿದರು. ಅದಾಗಿ ಈ ಬೇಸಿಗೆಯಲ್ಲಿ ಬಾವಿಯ ವಾಸನೆ ಹೋಗಿದೆ, ಪರೀಕ್ಷೆಯಲ್ಲಿ ಇನ್ನೂ ಪೂರ್ತಿ ಸರಿ ಎಂದು ಬಂದಿಲ್ಲ, ಕುದಿಸಿಯೇ ಕುಡಿಯುತ್ತೇವೆ. ಇಂದ್ರಾಣಿ ಹಾಗೆಯೇ ಇದೆ. ಅದು ನಮ್ಮ ಐದು ಜನರಿಂದ ಆಗುವ ಕೆಲಸವಲ್ಲ, ಆದರೆ ಕೊಡವೂರಿನ ಕಡೆಯ ಇಬ್ಬರು ಗಾಳದವರು ಬಂದು ನಮ್ಮ ಪುಟಗಳನ್ನು ನೋಡಿ ಗೆರೆ ಹಾಕುವ ಕ್ರಮ ಬರೆದುಕೊಂಡು ಹೋಗಿದ್ದಾರೆ.

ಕಳೆದ ತಿಂಗಳು ಗುಂಡಿಯಲ್ಲಿ ಎರಡು ವರ್ಷದ ನಂತರ ಸಣ್ಣ ಬೆಳ್ಳಿ ಮೀನು ಏಳು ಸಿಕ್ಕಿವೆ, ಒಂದೂವರೆ ಗಂಟೆಗೆ. ನೋಟ್‌ಬುಕ್ಕಿನ ಪುಟ ಮುಗಿದಿದೆ. ಈ ಸಲ ಇನ್ನೂರು ಪುಟದ್ದು ತಂದು, ಮಳೆಗೆ ಒದ್ದೆಯಾಗದಂತೆ ಗೊಬ್ಬರದ ಪ್ಲಾಸ್ಟಿಕ್ ಸುತ್ತಿ ಮಾಡಿನಲ್ಲಿ ಇಟ್ಟಿದ್ದೇನೆ.